ಕಲ್ಲು ತೊಳೆದ ಹಿಟ್ಟು

ಮಾವನನ್ನು ಕರೆದೊಯ್ಯಲು ಮನೆ ಮುಂದೆ ಕಾರು ಬಂದು ನಿಂತ ದಿನ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅತ್ತೆ. ಗಂಡನಿಗೆ ಗೌರವ ಸಿಕ್ಕಿತೆಂದಲ್ಲ. ಹಗಲು ಹೊತ್ತಿನಲ್ಲಿ ಮನೆಯಿಂದ ತೊಲಗುತ್ತಾರಲ್ಲ ಎಂದು. ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಆ ಮನುಷ್ಯ ಮನೆಯನ್ನೇ ಇಲಾಖೆ ಮಾಡಿಕೊಂಡಿದ್ದರು. ಹಾಲಿನವನ ಕ್ಯಾನಿಗೆ ಅಳತೆಯ ಕೊಳವೆ ಇಳಿಬಿಡುವುದು, ತರಕಾರಿಯವಳ ತೂಕದ ಬಟ್ಟನ್ನು ತಿರುಗಿಸಿ ತಿರುಗಿಸಿ ನೋಡುವುದು, ಬಾಣಲೆಗೆ ಬೀಳುವ ಮೊದಲು ಎಣ್ಣೆಯನ್ನು ಮೂಸುವುದು. ಬೀದಿಯವರು ಅವರಿಗೆ ತಕ್ಕಡಿ ಸಾಹೇಬರು ಎಂದು ಹೆಸರಿಟ್ಟಿದ್ದರು. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಬರೀ ತಕ್ಕಡಿ.

ಸೊಸೆಗೆ ಮಾತ್ರ ಇಂಥ ಮಾವನಿಂದ ತೊಂದರೆ ಏನೂ ಇರಲಿಲ್ಲ. ತನ್ನ ಕಸುಬಿಗೆ ಈ ಮಾವ ಸಿಕ್ಕಿದ್ದೇ ಒಳ್ಳೆಯದಾಯಿತು ಎಂದು ಅವಳು ನಾಲ್ಕು ಜನರೆದುರು ಹೇಳಿಯೂ ಇದ್ದಳು. ಮನೆಯಿಂದ ಎರಡು ಬೀದಿ ಆಚೆ, ಹಿಂದೆ ಟಯರ್ ಅಂಗಡಿಯಾಗಿದ್ದ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದು ಅವಳು ಕೂಸುಗಳಿಗೆ ಗಂಜಿ ಮಾಡುವ ಹಿಟ್ಟು ತಯಾರಿಸುತ್ತಿದ್ದಳು. ಔಷಧಿ ಹೊಡೆಯದ ಹೊಲಗಳಿಂದ ಗೋಧಿಯನ್ನೂ ಹೆಸರುಕಾಳನ್ನೂ ತರಿಸಿ, ಆರಿಸಿ, ತೊಳೆದು, ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ಜರಡಿ ಹಿಡಿದು ಪೊಟ್ಟಣ ಕಟ್ಟುವುದು. ಕೆಲಸಕ್ಕೆ ಕೈ ಜೋಡಿಸಲು ಇಬ್ಬರು ಹೆಂಗಸರಿದ್ದರು. ಪೊಟ್ಟಣದ ಮೂಲೆಯಲ್ಲಿ ಹಸಿರು ಬಣ್ಣದ ದುಂಡು ಮುದ್ರೆ, ಅದರೊಳಗೆ ‘ಸಾವಯವ’ ಎಂಬ ಪದ. ಆ ಮುದ್ರೆಯಿದ್ದರೆ ಆಸ್ಪತ್ರೆಯ ಅಂಗಡಿ, ದೊಡ್ಡ ಅಂಗಡಿಗಳು ಹಿಟ್ಟು ತೆಗೆದುಕೊಳ್ಳುತ್ತಿದ್ದವು. ಇಲ್ಲದಿದ್ದರೆ ಹಿಟ್ಟು ಎಷ್ಟೇ ಚೆನ್ನಾಗಿದ್ದರೂ ಆ ಪದವನ್ನು ಅಚ್ಚು ಹಾಕಿಸುವುದೇ ಅಪರಾಧ.

ಅವಳಿಗೆ ಸ್ವಂತ ಗಿರಣಿ ಮಾತ್ರ ಇರಲಿಲ್ಲ. ಬೀದಿಯ ಕೊನೆಯ ಗಿರಣಿಯವನು ವಾರಕ್ಕೊಂದು ಬೆಳಿಗ್ಗೆ, ಬೇರೆ ಗಿರಾಕಿಗಳು ಬರುವ ಮೊದಲು, ಗಿರಣಿಯನ್ನು ಅವಳಿಗೆ ಬಿಟ್ಟುಕೊಡುತ್ತಿದ್ದ. ಅವಳು ಕಲ್ಲನ್ನು ಬ್ರಷ್ಷಿನಿಂದ ಉಜ್ಜಿಸಿ, ಮೊದಲು ತನ್ನದೇ ಒಂದು ಡಬ್ಬ ಗೋಧಿಯನ್ನು ಸುರಿಯುತ್ತಿದ್ದಳು. ಹಿಂದಿನ ದಿನ ಯಾರ್ಯಾರೋ ಬೀಸಿಸಿಕೊಂಡು ಹೋದ ಕಾಳಿನ ಪುಡಿ ಕಲ್ಲಿನ ಸಂದಿಯಲ್ಲಿ ಕೂತಿರುತ್ತದಲ್ಲ, ಅದೆಲ್ಲ ಈ ಹಿಟ್ಟಿನ ಜೊತೆ ಹೊರಗೆ ಬಂದುಬಿಡಬೇಕು. ಈ ಮೊದಲ ಹಿಟ್ಟು ಕೂಸುಗಳ ಪೊಟ್ಟಣಕ್ಕೆ ಹೋಗುವ ಹಾಗಿಲ್ಲ. ಚೆಲ್ಲಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಅದು ಮನೆಯ ಅಡುಗೆಮನೆಗೆ ಬರುತ್ತಿತ್ತು, ಮನೆಯವರೆಲ್ಲ ಅದರ ರೊಟ್ಟಿ ತಿನ್ನುತ್ತಿದ್ದರು. ಮನೆಯೊಳಗೆ ಅದಕ್ಕೆ ಕಲ್ಲು ತೊಳೆದ ಹಿಟ್ಟು ಎಂದು ಹೆಸರು ಬಿದ್ದಿತ್ತು.

"ಈ ರೊಟ್ಟೀಲಿ ಇಡೀ ಬೀದಿ ಇದೆ ಕಣಮ್ಮ," ಎಂದು ಮಾವ ತಟ್ಟೆ ಮುಂದೆ ಕೂತು ನಗೆಯಾಡುತ್ತಿದ್ದರು. "ಈ ಕಡೆ ತುತ್ತು ಬೇಕರಿಯವನ ಕಡಲೆ, ಆ ಕಡೆ ತುತ್ತು ಮೇಷ್ಟ್ರ ಮನೆ ಜೋಳ."

"ತಿನ್ನಿ ತಿನ್ನಿ. ಊರವರ ಮನೇದು ಬಿಟ್ಟಿ ಸಿಕ್ರೆ ನಿಮಗೂ ರುಚಿನೇ," ಎನ್ನುತ್ತಿದ್ದರು ಅತ್ತೆ.

ಕಾರು ಬಂದಿದ್ದು ಈ ಮುದ್ರೆಯ ಕೆಲಸಕ್ಕೇ. ಸಾವಯವ ಮುದ್ರೆಯ ನಿಯಮಗಳನ್ನು ಹೊಸದಾಗಿ ಬರೆಯಲು ಸರ್ಕಾರದವರು ಒಂದು ಸಮಿತಿ ಮಾಡಿದ್ದರು. ಅದರ ಅಧ್ಯಕ್ಷಗಿರಿಗೆ ಯಾರೂ ಬೆರಳು ತೋರಿಸಲಾಗದ ಮನುಷ್ಯ ಬೇಕಿತ್ತು. ಹುಡುಕಿದರೆ ಊರಿನಲ್ಲಿ ಅಂಥವರು ಇದ್ದದ್ದು ಒಬ್ಬರೇ. ಇಡೀ ನೌಕರಿಯಲ್ಲಿ ಒಂದು ಲೋಟ ಕಾಫಿಯನ್ನೂ ಅಂಗಡಿಯವರಿಂದ ಮುಟ್ಟದವರು. ಮಾವನ ಶರಟುಗಳು ಮತ್ತೆ ಇಸ್ತ್ರಿ ಕಂಡವು. ತಲೆಗೆ ಬಣ್ಣ ಹಚ್ಚಲೇ ಎಂದು ಅವರು ಕೇಳಿದಾಗ ಅತ್ತೆ, "ಹಚ್ಚಿ, ಹೆಣ್ಣು ನೋಡೋಕೆ ಹೋಗ್ತಿದೀರಲ್ಲ," ಎಂದರು.

ಮೊದಲ ಸಭೆಯಿಂದ ಬಂದ ಸಂಜೆ ಮಾವ ಊಟದ ಹೊತ್ತಿನಲ್ಲಿ ಮಾತು ನಿಲ್ಲಿಸಲಿಲ್ಲ. ಅಲ್ಲಿ ಎಲ್ಲರೂ ಎದ್ದು ನಿಂತರಂತೆ. ಒಬ್ಬ ಡಾಕ್ಟರಂತೆ, ಒಬ್ಬ ವಕೀಲರಂತೆ, ತಾಯಂದಿರ ಸಂಘದವಳೊಬ್ಬಳಂತೆ. ಮತ್ತೆ, ಡಬ್ಬಿಯಲ್ಲಿ ಮಕ್ಕಳ ಹಿಟ್ಟು ಮಾರುವ ದೊಡ್ಡ ಕಂಪನಿಯ ಪ್ರತಿನಿಧಿ ಒಬ್ಬ. ಯಾವಾಗಲೂ ನಗುತ್ತಲೇ ಇರುತ್ತಾನಂತೆ.

"ಭಾರಿ ಸಭ್ಯಸ್ತ. ಮಾತಿಗೆ ಮುಂಚೆ ‘ಸರ್, ನಿಮ್ಮ ಅನುಭವದ ಮುಂದೆ ನಾವೆಷ್ಟರವರು’ ಅಂತಾನೆ."

ಹತ್ತನೇ ತರಗತಿಯಲ್ಲಿದ್ದ ಮೊಮ್ಮಗಳು ತಟ್ಟೆಯಿಂದ ತಲೆಯೆತ್ತಿದಳು. "ತಾತ, ನಿಯಮ ಬರೆಯೋ ಕಡೆ ಕಂಪನಿಯವನು ಯಾಕೆ ಕೂತಿದಾನೆ? ಪರೀಕ್ಷೆ ಬರೆಯೋ ನಾನೇ ಪ್ರಶ್ನೆಪತ್ರಿಕೆನೂ ತೆಗೀತೀನಿ ಅಂದ್ರೆ ನಮ್ಮ ಮೇಷ್ಟ್ರು ಬಿಡ್ತಾರಾ?"

"ಅವರಿಗೆ ಕೆಲಸದ ಅನುಭವ ಇರುತ್ತಮ್ಮ."

"ನನಗೂ ಗಣಿತದಲ್ಲಿ ಎರಡು ಸಲ ಫೇಲಾದ ಅನುಭವ ಇದೆ."

ಎಲ್ಲರೂ ನಕ್ಕರು. ಮಾವನೂ ನಕ್ಕರು. ಅಂದಿನಿಂದ ಆ ಪ್ರತಿನಿಧಿಗೆ ಮನೆಯಲ್ಲಿ ನಗುಮುಖ ಎಂದೇ ಹೆಸರಾಯಿತು.

ಮುಂದಿನ ವಾರ ಗೊತ್ತಾಯಿತು, ನಗುಮುಖನ ಕಂಪನಿಯ ಸರಕನ್ನು ತಡೆಹಿಡಿದಿದ್ದಾರೆಂದು. ಡಬ್ಬಿಯ ಮೇಲೆ ಹಸಿರು ಮುದ್ರೆ, ಒಳಗಿನ ಹಿಟ್ಟಿನಲ್ಲಿ ಹೊಲಕ್ಕೆ ಹೊಡೆಯುವ ಔಷಧಿಯ ಅಂಶ. ಮಾವ ಅದನ್ನು ಹೇಳಿದ ಧಾಟಿ ಬೇರೆಯೇ ಇತ್ತು.

"ಗಾಳೀಲಿ ಬರುತ್ತಂತಮ್ಮ. ಪಕ್ಕದ ಹೊಲದವನು ಹೊಡೆದದ್ದು ಹಾರಿ ಬಂದ್ರೆ ಇವರೇನು ಮಾಡ್ತಾರೆ? ಸಾವಿರಾರು ಎಕರೆಗೆ ಕೊಡೆ ಹಿಡಿಯೋಕಾಗುತ್ತಾ? ಅದಕ್ಕೇ ‘ತಪ್ಪಿಸಲಾಗದ ಅಂಶ’ ಅಂತ ಒಂದು ಮಿತಿ ಹಾಕಿ, ಅಷ್ಟರವರೆಗೆ ಬಿಡಬೇಕು ಅಂತ ಕೇಳ್ತಿದಾರೆ."

"ಕೂಸು ತಿನ್ನೋದರಲ್ಲಿ ಎಂಥ ಮಿತಿ ಮಾವ?" ಎಂದಳು ಸೊಸೆ. "ನಾವು ಔಷಧಿ ಹೊಡೆಯೋ ಹೊಲಕ್ಕೆ ತಾಗಿದ ಅಂಚಿನ ಪೈರನ್ನ ತಗೊಳ್ಳೋದೇ ಇಲ್ಲ. ಅಷ್ಟು ಬಿಟ್ಟು ಒಳಗಿಂದು ಮಾತ್ರ ತಗೊಳ್ತೀವಿ."

"ನೀನು ನಾಲ್ಕು ಮೂಟೆ ತಗೊಳ್ಳೋಳು. ಅವರದು ಲಾರಿಗಟ್ಟಲೆ. ಇನ್ನೂ ಚರ್ಚೆಲಿದೆ, ಬಿಡು."

ಸೊಸೆ ಬಿಟ್ಟಳು. ಮಾವ ಇದ್ದಾರಲ್ಲ ಎಂಬ ಧೈರ್ಯದ ಮೇಲೆ ಬಿಟ್ಟಳು. ಆ ವಾರವೇ ನಗುಮುಖನ ಕಡೆಯಿಂದ ಮನೆಗೆ ಒಂದು ಪೆಟ್ಟಿಗೆ ಹಣ್ಣು ಬಂತು. ಮಾವ ಅದನ್ನು ಹೊಸ್ತಿಲು ದಾಟಲೂ ಬಿಡಲಿಲ್ಲ. ತಂದವನನ್ನು ಬೀದಿಯಲ್ಲೇ ನಿಲ್ಲಿಸಿ, ಅಕ್ಕಪಕ್ಕದವರಿಗೆ ಕೇಳುವಂತೆ ಗದರಿಸಿ ವಾಪಸ್ ಕಳಿಸಿದರು. ಅದನ್ನು ನೋಡಿ ಸೊಸೆಯ ಎದೆ ಉಬ್ಬಿತು. ಇಂಥವರು ಕೂತ ಕಡೆ ಅನ್ಯಾಯ ಆಗುವುದುಂಟೇ ಎಂದುಕೊಂಡಳು.

ಮುದ್ರೆ ಕೊಡುವ ಸಂಸ್ಥೆಯಿಂದ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ಈ ಸಲ ಬಂದವಳು ಚಿಕ್ಕ ವಯಸ್ಸಿನವಳು, ಕೆಲಸದಲ್ಲಿ ಚುರುಕು. ಜರಡಿ ನೋಡಿದಳು, ಕಾಳಿನ ಮೂಟೆಗೆ ಕೈ ಹಾಕಿ ನೋಡಿದಳು, ಹುರಿಯುವ ಬಾಣಲೆಯ ತಳ ಉಜ್ಜಿ ನೋಡಿದಳು. ಎಲ್ಲಕ್ಕೂ ಸರಿ ಸರಿ ಎಂದು ತಲೆಯಾಡಿಸಿದಳು. ಕೊನೆಗೆ ಚಹಾ ಕುಡಿಯುತ್ತ, ಏನೋ ನೆನಪಾದವಳಂತೆ ಕೇಳಿದಳು.

"ಅಕ್ಕಾ, ಗಿರಣಿಯಿಂದ ಬರೋ ಮೊದಲ ಹಿಟ್ಟನ್ನ ಮನೇಲಿ ರೊಟ್ಟಿ ಮಾಡ್ಕೊಂಡು ತಿಂತಾರಂತಲ್ಲ, ಕಲ್ಲು ತೊಳೆದ ಹಿಟ್ಟು ಅಂತ. ಅದು ನಿಮ್ಮ ಮನೇನಾ?"

ಹುರಿಯುತ್ತಿದ್ದ ಹೆಂಗಸರಿಬ್ಬರೂ ಕೈ ನಿಲ್ಲಿಸಿದರು. ಸೊಸೆ ಕೈಯಲ್ಲಿದ್ದ ಜರಡಿ ಕೆಳಗಿಟ್ಟಳು. ಆ ಮಾತು ಅವಳ ಅಡುಗೆಮನೆ ಬಿಟ್ಟು ಆಚೆ ಹೋದದ್ದೇ ಇಲ್ಲ. ಗಿರಣಿಯವನಿಗೂ ಗೊತ್ತಿಲ್ಲ.

"ಯಾರು ಹೇಳಿದ್ರು ನಿಮಗೆ?"

"ಆಫೀಸಲ್ಲೆಲ್ಲ ಅದೇ ಮಾತು. ಹೊಸ ನಿಯಮದ ಕರಡಿಗೆ ಅದನ್ನೇ ಉದಾಹರಣೆ ಕೊಟ್ಟಿದಾರಂತೆ. ಸಣ್ಣವರೆಲ್ಲ ಊರ ಗಿರಣೀಲಿ ಬೀಸಿಸ್ತಾರೆ, ಬೇರೆ ಹಿಟ್ಟು ಸೇರ್ಕೊಳ್ಳುತ್ತೆ ಅಂತ ಅವರೇ ಒಪ್ಕೊಂಡಿದಾರೆ, ಅದಕ್ಕೇ ಇನ್ನು ಮುಂದೆ ಸ್ವಂತ ಗಿರಣಿ ಇಲ್ಲದವರಿಗೆ ಮಕ್ಕಳ ಹಿಟ್ಟಿಗೆ ಮುದ್ರೆ ಇಲ್ಲ ಅಂತ." ಹುಡುಗಿ ಲೋಟ ಕೆಳಗಿಟ್ಟಳು. "ನಿಮ್ಮದರಲ್ಲಿ ನಾನು ಕಂಡ ಹಾಗೆ ಏನೂ ತಪ್ಪಿಲ್ಲ ಅಕ್ಕಾ. ಆದರೆ ನಿಯಮ ಬಂದ್ಮೇಲೆ ನಾನೇನೂ ಮಾಡೋಕಾಗಲ್ಲ."

ಸ್ವಂತ ಗಿರಣಿ! ಅದನ್ನು ಕೊಂಡು, ಇಟ್ಟುಕೊಳ್ಳಲು ಜಾಗ ಮಾಡಿ, ಕರೆಂಟು ಎಳೆಸುವಷ್ಟು ಗಳಿಕೆ ಆ ಶೆಡ್ಡಿನಿಂದ ಇನ್ನು ಹತ್ತು ವರ್ಷ ಕಳೆದರೂ ಆಗುವಂತಿರಲಿಲ್ಲ. ಸೊಸೆ ಅಂದು ಕೆಲಸ ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು. ಮಾವ ಹಜಾರದಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು.

"ಮಾವ, ನಮ್ಮ ಮನೆ ರೊಟ್ಟಿ ವಿಷಯ ಸಮಿತೀಲಿ ಹೇಳಿದ್ರಾ?"

"ಹೇಳಿದೆ!" ಮಾವನ ಮುಖ ಅರಳಿತು. "ಹೊಗಳಿದೆ ಕಣಮ್ಮ. ಸಣ್ಣವರು ಎಷ್ಟು ಜಾಗ್ರತೆ ಮಾಡ್ತಾರೆ ಗೊತ್ತೇನ್ರಿ, ನಮ್ಮ ಮನೇಲೇ ಒಬ್ಬಳಿದಾಳೆ, ಮೊದಲ ಹಿಟ್ಟನ್ನ ಕೂಸಿಗೆ ಕೊಡಲ್ಲ, ಮನೆಯವರಿಗೆ ತಿನ್ನಿಸ್ತಾಳೆ ಅಂದೆ. ಎಲ್ಲ ಮೆಚ್ಚಿಕೊಂಡ್ರು. ನಗುಮುಖ ಅಂತೂ ಎರಡು ಸಲ ಕೇಳಿ ಬರ್ಕೊಂಡ."

"ಬರ್ಕೊಂಡು ಏನು ಮಾಡ್ದ ಅಂತ ಗೊತ್ತಾ?"

ಮಾವ ಬೂಟು ಕೆಳಗಿಟ್ಟರು. ಗೊತ್ತಿತ್ತು ಅವರಿಗೆ. ಮುಖದಲ್ಲೇ ಕಾಣಿಸಿತು.

"ಅವನು ಹೇಳಿದ್ದೂ ಸುಳ್ಳಲ್ಲವಲ್ಲಮ್ಮ. ಬೇರೆ ಹಿಟ್ಟು ಕಲ್ಲಲ್ಲಿ ಉಳಿಯುತ್ತೆ ಅನ್ನೋದು ನಿಜ ತಾನೆ? ಎಲ್ಲರೂ ನಿನ್ನ ಹಾಗೆ ತೊಳೀತಾರಾ? ನಿಯಮ ಅಂದ್ರೆ ಎಲ್ಲರಿಗೂ ಒಂದೇ ಇರಬೇಕು."

"ಅವರ ಡಬ್ಬಿಲಿ ಔಷಧಿ ಸಿಕ್ರೆ ಗಾಳಿ ತಪ್ಪು. ನನ್ನ ಕಲ್ಲಲ್ಲಿ ಚಿಟಿಕೆ ಜೋಳದ ಹಿಟ್ಟು ಉಳಿದ್ರೆ ನನ್ನ ತಪ್ಪು. ಎಲ್ಲರಿಗೂ ಒಂದೇ ಅಂದ್ರೆ ಇದೇನಾ?"

"ಕೂಗಾಡಬೇಡ."

"ಕೂಗಾಡ್ತೀನಿ! ನನ್ನ ಅನ್ನದ ಮಾತು ಇದು. ಆ ಇಬ್ಬರು ಹೆಂಗಸರಿಗೆ ನಾಳೆ ಏನು ಹೇಳಲಿ? ನಮ್ಮ ಮಾವ ನಮ್ಮನ್ನ ಹೊಗಳಿಬಿಟ್ರು, ಮನೆಗೆ ಹೋಗಿ ಅನ್ನಲಾ?"

ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಸೊಸೆಯ ಗಂಡ ಆಗಷ್ಟೇ ಕೆಲಸದಿಂದ ಬಂದಿದ್ದ. ಲಿಫ್ಟ್ ರಿಪೇರಿ ಮಾಡುವವನು, ಕೈಯೆಲ್ಲ ಗ್ರೀಸು. ಅಪ್ಪನ ಮುಖ, ಹೆಂಡತಿಯ ಮುಖ ನೋಡಿ, "ಇಬ್ಬರೂ ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ," ಎಂದ.

"ನಿಮ್ಮದು ಯಾವಾಗಲೂ ಇದೇ ಆಯ್ತು," ಎಂದಳು ಸೊಸೆ. "ಮೇಲೂ ಇಲ್ಲ, ಕೆಳಗೂ ಇಲ್ಲ. ನಡುವೆ ಕೆಟ್ಟು ನಿಂತ ಲಿಫ್ಟು."

ಮಾವ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಅದು ಬರೀ ಕರಡು. ಮುಂದಿನ ತಿಂಗಳು ಸಾರ್ವಜನಿಕರ ಅಹವಾಲು ಕೇಳ್ತೀವಿ. ಯಾರು ಬೇಕಾದ್ರೂ ಬಂದು ಮಾತಾಡಬಹುದು. ನೀನೂ ಬಾ. ಹೇಳಬೇಕಾದ್ದನ್ನ ಅಲ್ಲಿ ಹೇಳು. ಕೇಳಿಸ್ಕೊಳ್ಳೋಕೆ ನಾನಿದೀನಲ್ಲ."

ಹೀಗೆಂದ ಮೇಲೆ ಸೊಸೆ ಒಂದಿಷ್ಟು ತಣ್ಣಗಾದಳು. ಆಮೇಲಿನ ದಿನಗಳಲ್ಲಿ ಮೂಟೆ ಹೊರುವಾಗ, ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಮಾತು ಜೋಡಿಸಿಕೊಂಡಳು. ಮಗಳ ಮುಂದೆ ನಿಂತು ಹೇಳಿ ನೋಡಿದಳು. "ಅಮ್ಮಾ, ತುಂಬ ಬೈತಿದೀಯ, ಸ್ವಲ್ಪ ಕಡಿಮೆ ಮಾಡು," ಎಂದಳು ಮಗಳು.

ಅಹವಾಲಿನ ದಿನ ದೊಡ್ಡ ಸಭಾಂಗಣದಲ್ಲಿ ಜನ ತುಂಬಿದ್ದರು. ಹೆಚ್ಚಿನವರು ಅವಳಂಥವರೇ, ಎಣ್ಣೆ ಗಾಣದವರು, ಒಣಹಣ್ಣು ಕಟ್ಟುವವರು, ಜೇನು ಮಾರುವವರು. ಎದುರಿನ ಎತ್ತರದ ಮೇಜಿನ ಹಿಂದೆ ಸಮಿತಿ, ನಡುವೆ ಮಾವ. ನಗುಮುಖ ಅವರ ಬಲಗಡೆ ಕೂತು ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಮುಂದಿಡುತ್ತಿದ್ದ. ಅವಳ ಸರದಿ ಬಂತು. ಎದ್ದು ಮೈಕಿನ ಮುಂದೆ ನಿಂತಳು. ಬಾಯಿ ತೆರೆಯುವ ಮೊದಲೇ ಮಾವ ಕೈ ಎತ್ತಿದರು.

"ಒಂದು ನಿಮಿಷ. ಮುಂದುವರಿಯೋ ಮೊದಲು ಸಭೆಗೆ ಒಂದು ವಿಷಯ ತಿಳಿಸಬೇಕು. ಇವರು ನನ್ನ ಸೊಸೆ. ನನ್ನ ಮನೆಯಲ್ಲೇ ವಾಸ." ಪಕ್ಕದ ಗುಮಾಸ್ತನ ಕಡೆ ತಿರುಗಿದರು. "ನಿಯಮ ಓದಿ."

ಗುಮಾಸ್ತ ಎದ್ದು ಓದಿದ. ಸಮಿತಿಯ ಯಾವುದೇ ಸದಸ್ಯರೊಂದಿಗೆ ಒಂದೇ ಸೂರಿನಡಿ ವಾಸಿಸುವವರು ಸಮಿತಿಯ ಮುಂದೆ ಅಹವಾಲು ಹೇಳುವಂತಿಲ್ಲ.

"ನಿಯಮ ನಿಯಮವೇ," ಎಂದರು ಮಾವ, ಇಡೀ ಸಭೆಗೆ ಕೇಳುವಂತೆ. "ತಾವು ದಯವಿಟ್ಟು ಕೂತ್ಕೋಬೇಕು."

ತಾವು! ಮದುವೆಯಾಗಿ ಬಂದಂದಿನಿಂದ ನೀನು, ಅಮ್ಮ, ಮಗಳೇ ಎಂದು ಕರೆದ ಬಾಯಿಂದ ತಾವು. ಯಾರೋ ಚಪ್ಪಾಳೆ ತಟ್ಟಿದರು. ಎಂಥ ನಿಷ್ಪಕ್ಷಪಾತಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ನಗುಮುಖ ಕಣ್ಣಲ್ಲೇ ಮಾವನಿಗೆ ಕೈ ಮುಗಿದ. ಸೊಸೆ ಬಂದು ಕುರ್ಚಿಯಲ್ಲಿ ಕೂತಳು. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಮಾಡಿದ ತಪ್ಪೇನು ಎಂದು ಮಾತ್ರ ತಿಳಿಯಲಿಲ್ಲ. ಮಾತಾಡುವವರು ಇನ್ನೂ ಬಹಳ ಮಂದಿ ಉಳಿದಿದ್ದರಿಂದ ಅಹವಾಲನ್ನು ಮೂರು ವಾರ ಮುಂದಕ್ಕೆ ಹಾಕಿದರು.

ಆ ಸಂಜೆ ಮಾವನಿಗೆ ಎಲ್ಲಿಲ್ಲದ ಹಸಿವು. ಎರಡು ಸಲ ಅನ್ನ ಹಾಕಿಸಿಕೊಂಡರು.

"ನಿನಗೆ ಬೇಜಾರಾಗಿರಬಹುದು. ಆದರೆ ಸ್ವಂತ ಸೊಸೆ ಅಂತ ಬಿಟ್ಟಿದ್ರೆ ನನಗೂ ಬೇರೆಯವರಿಗೂ ಏನು ವ್ಯತ್ಯಾಸ, ಹೇಳು?"

"ಆ ಕಂಪನಿಯವನು ಎಲ್ಲಿ ಕೂತಿದ್ದ ತಾತ?" ಎಂದಳು ಮೊಮ್ಮಗಳು. "ಅವನು ಅವನ ಕಂಪನಿ ಜೊತೆ ಒಂದೇ ಸೂರಲ್ಲಿಲ್ವಾ?"

"ದೊಡ್ಡೋರ ಮಾತಲ್ಲಿ ಬಾಯಿ ಹಾಕಬೇಡ."

ಸೊಸೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು. "ಮಾವ, ನಾನು ಬೇರೆ ಮನೇಲಿದ್ರೆ ಮಾತಾಡಬಹುದಾ?"

"ನಿಯಮದ ಪ್ರಕಾರ ಮಾತಾಡಬಹುದು," ಎಂದರು ಮಾವ, ಪ್ರಶ್ನೆಯ ಹಿಂದಿದ್ದದ್ದು ಹೊಳೆಯದೆ. "ಸೂರು ಒಂದೇ ಇರಬಾರದು, ಅಷ್ಟೇ."

ಮರುದಿನ ಬೆಳಿಗ್ಗೆ ಅವಳು ಒಂದು ಹಾಸಿಗೆ, ಎರಡು ಸೀರೆ, ಒಂದು ಸ್ಟೌ ತೆಗೆದುಕೊಂಡು ಶೆಡ್ಡಿಗೆ ಹೊರಟಳು. ಗಂಡ ಗೇಟಿನವರೆಗೂ ಹಿಂದೆಯೇ ಬಂದ.

"ತಲೆ ಕೆಟ್ಟಿದೆಯಾ ನಿನಗೆ? ನಾಲ್ಕು ಮಾತಾಡೋಕೆ ಮನೆ ಬಿಟ್ಟು ಹೋಗ್ತಾರಾ?"

"ಮನೇಲಿದ್ದು ಮಾತಾಡೋಕೆ ಬಿಟ್ರಾ? ನೀವೂ ಬನ್ನಿ."

"ನಾನು ಯಾಕೆ ಬರಲಿ? ನಾನೇನೂ ಮಾತಾಡಬೇಕಾಗಿಲ್ಲವಲ್ಲ."

"ಹೌದು. ನಿಮಗೆ ಆ ಕಷ್ಟ ಯಾವತ್ತೂ ಇಲ್ಲ," ಎಂದು ಅವಳು ಆಟೋ ಹತ್ತಿದಳು.

ಬೀದಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಸೊಸೆ ಓಡಿಹೋದಳೆಂದು ಕೆಲವರು, ಮಾವ ಹೊರಗೆ ಹಾಕಿದರೆಂದು ಕೆಲವರು. ಶೆಡ್ಡಿನಲ್ಲಿ ಮಲಗಿದರೆ ಕೂದಲಿಗೆಲ್ಲ ಹಿಟ್ಟು. ಸ್ನಾನಕ್ಕೆ ಹಿಂದಿನ ನಲ್ಲಿಯ ಸುತ್ತ ಪರದೆ ಕಟ್ಟಿಕೊಳ್ಳಬೇಕು. ತಗಡಿನ ಸೂರು ಹಗಲೆಲ್ಲ ಕಾದು ಕೆಂಡವಾಗುತ್ತಿತ್ತು. ಮಗಳು ಶಾಲೆ ಮುಗಿಸಿ ಇಲ್ಲಿಗೇ ಬಂದು, ಪೊಟ್ಟಣ ಕಟ್ಟುತ್ತ ಮನೆಯ ವರದಿ ಒಪ್ಪಿಸುತ್ತಿದ್ದಳು. ಅಪ್ಪ ಅನ್ನ ಸೀಯಿಸಿದ. ಅಜ್ಜಿ ತಾತನ ಜೊತೆ ಮಾತು ಬಿಟ್ಟಿದ್ದಾಳೆ, ಉಪ್ಪು ಬೇಕಾದರೂ ನನ್ನ ಮೂಲಕ ಕೇಳುತ್ತಾಳೆ. ತಾತ ಎಲ್ಲರಿಗೂ ಫೋನು ಮಾಡಿ, ನನ್ನ ಸೊಸೆ ನಿಯಮಕ್ಕೆ ಎಷ್ಟು ಬೆಲೆ ಕೊಡುತ್ತಾಳೆ ನೋಡಿ ಎಂದು ಹೇಳುತ್ತಿದ್ದಾನೆ.

"ಇದರ ಹೊಗಳಿಕೆನೂ ಅವರೇ ತಿಂದ್ರು," ಎಂದಳು ಸೊಸೆ. ನಗು ಬರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಬಂದರು. ಹೇಳದೆ ಕೇಳದೆ ನೆಲಕ್ಕೆ ಕೂತು ಮೊರ ಎಳೆದುಕೊಂಡು ಕಾಳು ಆರಿಸತೊಡಗಿದರು. ಒಂದು ಮೊರ ಕಾಳು ಮುಗಿಸಿ, ಇನ್ನೊಂದು ಸುರಿದುಕೊಂಡು ಅಂದರು.

"ನಿನ್ನ ಮಾವನನ್ನ ದುಡ್ಡು ಕೊಟ್ಟು ಕೆಡಿಸೋಕೆ ಬಂದವರೆಲ್ಲ ಸೋತು ಹೋದ್ರು. ಈ ನಗುಮುಖನೊಬ್ಬ ಜಾಣ. ನಿಮ್ಮಂಥ ಒಳ್ಳೆಯವರಿಲ್ಲ ಸರ್ ಅಂದ. ಅಷ್ಟು ಸಾಕಾಯ್ತು."

"ಈ ಸಲ ನನ್ನ ಮಾತು ಕೇಳಿಸ್ಕೋತಾರಾ ಅತ್ತೆ?"

ಅತ್ತೆ ಒಂದು ಕಲ್ಲು ಆರಿಸಿ ಪಕ್ಕಕ್ಕೆಸೆದರು. "ನನ್ನ ತಮ್ಮನ ಅಂಗಡಿ ಕಥೆ ನಿನಗೆ ಹೇಳಿದೀನಾ? ನಿನ್ನ ಮಾವ ಇನ್ಸ್‌ಪೆಕ್ಟರಾಗಿದ್ದಾಗ ಎರಡು ಅಂಗಡೀಲಿ ಒಂದೇ ತಪ್ಪು ಸಿಕ್ತು. ಪಕ್ಕದವನಿಗೆ ಎಚ್ಚರಿಕೆ ಕೊಟ್ಟು ಬಿಟ್ರು. ನನ್ನ ತಮ್ಮನ ಅಂಗಡಿಗೆ ಬೀಗ ಜಡಿದ್ರು. ಭಾವಮೈದ ಅಂತ ಬಿಟ್ಟ ಅನ್ನಬಾರದಲ್ಲ. ಅವನು ಇವತ್ತಿಗೂ ನಮ್ಮ ಮನೆ ಮೆಟ್ಟಿಲು ಹತ್ತಿಲ್ಲ." ಮೊರ ಕೊಡವಿದರು. "ಆದರೂ ಮಾತಾಡು. ಹೋಗಿ ಮಾತಾಡು."

ಎರಡನೇ ಸಲ ಗುಮಾಸ್ತ ಅವಳ ಮುಂದೆ ಒಂದು ಹಾಳೆ ಇಟ್ಟ. ಸಮಿತಿಯ ಯಾವ ಸದಸ್ಯರ ಮನೆಯಲ್ಲೂ ತಾನು ವಾಸವಿಲ್ಲವೆಂದು ಅವಳು ಸಹಿ ಹಾಕಿದಳು. ಮಾವ ಮೇಲಿನಿಂದ ನೋಡುತ್ತಿದ್ದರು. ಮೈಕಿನ ಮುಂದೆ ನಿಂತಾಗ ಅಷ್ಟು ದಿನ ಜೋಡಿಸಿದ್ದ ಮಾತೆಲ್ಲ ಕಲಸಿಹೋಯಿತು. ಗಿರಣಿಯ ವಿಷಯ ಹೇಳಲು ಹೋಗಿ ಶೆಡ್ಡಿನ ಸೆಖೆಯ ವಿಷಯ ಹೇಳಿದಳು. ನಲ್ಲಿಯ ವಿಷಯ ಹೇಳಿದಳು. ಅವಳ ಸಮಯ ಮುಗಿಯಿತೆಂದು ಗಂಟೆ ಬಾರಿಸುವ ಹೊತ್ತಿಗೆ ಹೇಗೋ ದಾರಿಗೆ ಬಂದಳು.

"ನಮಗೆ ವಿನಾಯಿತಿ ಬೇಡ. ಬೀಸಿದ ಹಿಟ್ಟನ್ನ ತಗೊಂಡು ಹೋಗಿ ಪರೀಕ್ಷೆ ಮಾಡಿ. ಅವರ ಡಬ್ಬಿನೂ ಮಾಡಿ. ಯಾರದರಲ್ಲಿ ವಿಷ ಇದೆಯೋ ಅವರ ಮುದ್ರೆ ಕಿತ್ಕೊಳ್ಳಿ. ಗಿರಣಿ ಯಾರದು ಅಂತ ಯಾಕೆ ಕೇಳ್ತೀರಿ, ಹಿಟ್ಟು ಎಂಥದು ಅಂತ ಕೇಳಿ. ಕೂಸು ತಿನ್ನೋದು ಗಿರಣೀನ ಅಲ್ಲ."

ತಾಯಂದಿರ ಸಂಘದವಳು ತಲೆಯಾಡಿಸಿದಳು. ಡಾಕ್ಟರು ಏನೋ ಬರೆದುಕೊಂಡರು. ನಗುಮುಖ ಎದ್ದು, ಈ ತಾಯಿಯ ಶ್ರದ್ಧೆಗೆ ನಮ್ಮ ಕಂಪನಿ ತಲೆಬಾಗುತ್ತದೆ ಎಂದು ನಿಜವಾಗಿಯೂ ತಲೆ ಬಾಗಿಸಿದ. ಎಲ್ಲರ ಸರದಿಯೂ ಮುಗಿದು ಸಂಜೆಯಾದ ಮೇಲೆ ಕರಡನ್ನು ಮತಕ್ಕೆ ಹಾಕಿದರು. ಸ್ವಂತ ಗಿರಣಿಯ ನಿಯಮವೂ ತಪ್ಪಿಸಲಾಗದ ಅಂಶದ ನಿಯಮವೂ ಒಂದೇ ಕರಡಿನಲ್ಲಿದ್ದವು. ಒಪ್ಪಿದರೆ ಎರಡನ್ನೂ ಒಪ್ಪಬೇಕು. ಬೇಕು ಎಂದು ಎದ್ದ ಕೈಗಳೂ ಬೇಡ ಎಂದು ಎದ್ದ ಕೈಗಳೂ ಸಮಸಮವಾದವು. ಸಭಾಂಗಣದಲ್ಲಿ ಗುಜುಗುಜು ಎದ್ದು ನಿಂತುಹೋಯಿತು. ಇಂಥ ಹೊತ್ತಿನಲ್ಲಿ ಅಧ್ಯಕ್ಷರ ಮತವೇ ಕೊನೆ.

ಸೊಸೆ ಮಾವನ ಮುಖವನ್ನೇ ನೋಡಿದಳು. ಅವರು ಅವಳ ಕಡೆ ನೋಡಲಿಲ್ಲ. ನೋಟವನ್ನು ಹಿಂದಿನ ಗೋಡೆಯ ಮೇಲಿಟ್ಟು, ಬೇಕು ಎಂದು ಕೈ ಎತ್ತಿದರು.

ಹೊರಗಿನ ಓಣಿಯಲ್ಲಿ ಜನ ಚದುರಿದ ಮೇಲೆ ಅವಳು ಕಂಬಕ್ಕೊರಗಿ ನಿಂತಿದ್ದಳು. ಆ ಹೆಂಗಸರಿಬ್ಬರಿಗೆ ಹೇಗೆ ಹೇಳುವುದು ಎಂದಷ್ಟೇ ತಲೆಯಲ್ಲಿ ಓಡುತ್ತಿತ್ತು. ಮಾವ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ದಣಿದಿದ್ದರು. ಆದರೂ ಮುಖದಲ್ಲಿ ದೊಡ್ಡ ಕೆಲಸವೊಂದನ್ನು ಮಾಡಿ ಮುಗಿಸಿದ ಕಳೆಯಿತ್ತು.

"ಚೆನ್ನಾಗಿ ಮಾತಾಡಿದೆ ಕಣಮ್ಮ."

"ಕೇಳಿಸ್ತಾ?"

"ಕೇಳಿಸದೆ ಏನು? ಆದರೆ ನನ್ನ ಕಷ್ಟಾನೂ ನೋಡು. ಕೊನೆಗೆ ನನ್ನ ತಲೆ ಮೇಲೇ ಬಂತು. ಬೇಡ ಅಂತ ಕೈ ಎತ್ತಿದ್ರೆ ನಾಳೆ ಜನ ಏನಂತಾರೆ? ಸೊಸೆಗೋಸ್ಕರ ಮಾಡ್ದ ಅನ್ನಲ್ವಾ?"

"ನಿಮ್ಮ ಮನೇಲಿಲ್ಲ ಅಂತ ನಿಮ್ಮ ಕಣ್ಣೆದುರಿಗೇ ಸಹಿ ಹಾಕಿದ್ನಲ್ಲ ಮಾವ. ಅದಕ್ಕೇ ಅಲ್ವಾ ತಗಡಿನ ಕೆಳಗೆ ಬೆಂದಿದ್ದು?"

"ಹಾಳೆ ಮೇಲೆ ಸಹಿ ಹಾಕಿದ್ರೆ ಸಂಬಂಧ ಹೋಗುತ್ತಾ? ಜನಕ್ಕೆ ಗೊತ್ತಿಲ್ವಾ?"

ಸೊಸೆ ಕಂಬ ಬಿಟ್ಟು ನೆಟ್ಟಗೆ ನಿಂತಳು.

"ಒಂದು ಮಾತು ಹೇಳಿ. ನಾನು ನಿಮ್ಮ ಸೊಸೆನೇ ಅಲ್ಲ ಅಂತ ಇಟ್ಕೊಳ್ಳಿ. ಎಲ್ಲಿಯವಳೋ, ಮುಖ ನೋಡದವಳು, ಬಂದು ಇದೇ ಮಾತು ಹೇಳಿದ್ಲು. ಆಗ ಕೈ ಯಾವ ಕಡೆ ಎತ್ತುತ್ತಿದ್ರಿ?"

ಮಾವ ಫೈಲನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು. ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ, ಈಗಲೂ ಅವರಿಂದ ಅದು ಆಗಲಿಲ್ಲ.

"ನಿನ್ನ ಕಡೆಗೇ," ಎಂದರು.

ಡ್ರೈವರ್ ಬಂದು ಕಾರಿನ ಬಾಗಿಲು ತೆರೆದು ನಿಂತ. ಇನ್ನೇನು, ಎಲ್ಲ ಮುಗಿಯಿತಲ್ಲ, ಹತ್ತು, ಮನೆಗೆ ಹೋಗೋಣ ಎಂದು ಮಾವ ಕರೆದರು. ಸೊಸೆ ಹತ್ತಲಿಲ್ಲ.